ಪೂಜೆಗೆ ಕೂತ ಪುಸ್ತಕಗಳು

ಮಕ್ಕಳೇ, ನಿಮ್ಮ ತಾತನಿಗೆ ಪಿರಿಯಾಪಟ್ಟಣದ ಪುಸ್ತಕಾಲಯದ ಮುಖ್ಯಸ್ಥರ ಕೆಲಸ ಸಿಕ್ಕಿದ್ದು ಹೇಗೆಂದು ಕೇಳುತ್ತಿದ್ದಿರಲ್ಲ, ಬರೆಯುತ್ತೇನೆ. ಬಾಯಿಬಿಟ್ಟು ಹೇಳಲು ನನಗೆ ಈಗಲೂ ಸಂಕೋಚ.

ಆಗ ಮಹಾರಾಜರ ಕಾಲ. ಆ ಕೆಲಸಕ್ಕೆ ಮೈಸೂರಿನಲ್ಲಿ ತರಬೇತಿ ಆಗಬೇಕಿತ್ತು. ಪಾಠ ಮುಗಿದ ಮೇಲೆ ಹಳ್ಳಿಯೊಂದರಲ್ಲಿ ಓದುವ ಮನೆ ನಡೆಸಿ ತೋರಿಸಬೇಕು; ಮೈಸೂರಿನ ಸಾಹೇಬರು ಬಂದು, ಪುಸ್ತಕ ಜನರಿಗೆ ಮುಟ್ಟಿದೆ ಎಂದು ಒಪ್ಪಿದರೆ ಮಾತ್ರ ಸರ್ಟಿಫಿಕೇಟು. ತಾತ ಒಂದು ಪೆಟ್ಟಿಗೆ ಪುಸ್ತಕ ತಂದು ನಮ್ಮ ಜಗಲಿಯಲ್ಲೇ ಇಟ್ಟರು. ಮಧ್ಯಾಹ್ನ ನಾನು ಓದುತ್ತಿದ್ದೆ, ಅತ್ತೆ ರಾಗಿ ಕೇರುತ್ತ ಕೇಳುತ್ತಿದ್ದರು. ಗೂಡುಗಳಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ವಾಸನೆಗೆ ಊರೆಲ್ಲ ತೂಕಡಿಸುತ್ತಿತ್ತು. ಕಥೆ ಪುಸ್ತಕದಿಂದ ಬರುತ್ತಿತ್ತೋ ಆ ವಾಸನೆಯಿಂದಲೋ, ನನಗೆ ತಿಳಿಯುತ್ತಿರಲಿಲ್ಲ.

ಸಾಹೇಬರು ದಸರೆಗೆ ತಮ್ಮೂರಿಗೆ ಹೋಗುವ ದಾರಿಯಲ್ಲಿ, ಮುಂಚೆ ತಿಳಿಸದೆ ಬಂದಿಳಿದರು. ಅಂದು ಸರಸ್ವತಿ ಪೂಜೆ. ಅತ್ತೆ ಅಷ್ಟೂ ಪುಸ್ತಕಗಳನ್ನು ಮಣೆಯ ಮೇಲೆ ಜೋಡಿಸಿ, ತಮ್ಮ ಮದುವೆಯ ಸೀರೆ ಹೊದಿಸಿ, ಚೆಂಡುಹೂ ಏರಿಸಿದ್ದರು. ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ, ಓದುವಂತಿಲ್ಲ.

“ಒಂದೇ ಒಂದ ತಕ್ಕೊಳ್ಳಾ ಅವ್ವ? ಇವತ್ತು ತೋರುಸ್ದಿದ್ರೆ ನನ್ ಕೆಲ್ಸ ಓಯ್ತದೆ,” ಎಂದರು ತಾತ.

“ಕೈ ಇಕ್ಕೀಯ, ಜ್ವಾಕೆ! ತಾಯಿ ಕುಂತವ್ಳೆ ಕಣ್ಲಾ. ನಿಮ್ ಸಾಹೇಬ್ರ ಮನೇಲಿ ಅಬ್ಬ ಇಲ್ವಾ?”

ತಾತನ ಮುಖ ಬಾಡಿತು. ಜಗಲಿಯಲ್ಲಿ ಕೂತಿದ್ದ ಸಾಹೇಬರಿಗೆ ಎಲ್ಲ ಕೇಳಿಸಿತ್ತು. “ಪುಸ್ತಕ ಬೇಡ ಬಿಡ್ರೀ. ಓದಿದೋರು ಯಾರಾದ್ರೂ ಇದ್ರೆ, ಓದಿದ್ದು ಹೇಳ್ಲಿ,” ಎಂದರು.

ತಾತ ನನ್ನತ್ತ ನೋಡಿದರು. ಪರ ಗಂಡಸರೆದುರು ನಾನು ಮಾತಾಡಿದವಳೇ ಅಲ್ಲ. ಬಾಗಿಲ ಹಿಂದೆ ನಿಂತು, ಕಣ್ಣು ಮುಚ್ಚಿ, ಸಮುದ್ರ ನೋಡಲು ಹೊರಟ ಕುರುಡಿಯ ಕಥೆ ಶುರು ಮಾಡಿದೆ. ಸಮುದ್ರವನ್ನು ನಾನೂ ಕಂಡಿರಲಿಲ್ಲ. ಹೇಳುತ್ತ ಹೇಳುತ್ತ ಸಾಂಬ್ರಾಣಿ ಹೊಗೆ ಅಲೆಯಲೆಯಾಗಿ ಬಂದು ಕಾಲು ಸುತ್ತಿತು. ನಡುಮನೆಯ ಸಗಣಿ ನೆಲ ಮೆಲ್ಲಗೆ ತೇಲಿದಂತಾಯಿತು. ನನ್ನ ದನಿ ಬೇರೆ ಯಾರದೋ ಎಂಬಂತೆ ನಾನೇ ಕೇಳುತ್ತಿದ್ದೆ.

“ಉಪ್ಪಿನ ವಿಸ್ಯ ಯಾಕವ್ವ ಬುಟ್ಬುಟ್ಟೆ?” ಅತ್ತೆ ನಡುವೆ ಬಾಯಿ ಹಾಕಿದರು. “ತುಟಿ ಮ್ಯಾಲೆ ಉಪ್ಪು ಕುಂತಾಗ ಅಲ್ವಾ ಅವ್ಳು ಸಮುದ್ರ ಬಂತು ಅಂದಿದ್ದು!”

“ನಿಮಗೂ ಓದು ಬರುತ್ತೇನಮ್ಮ?” ಎಂದರು ಸಾಹೇಬರು.

“ನಂಗ್ಯಾಕ್ ಬತ್ತದೆ ಸ್ವಾಮಿ? ಸೊಸೆ ಓದ್ತಾಳಲ್ಲ, ಸಾಲ್ದಾ?”

ಸಾಹೇಬರು ನಕ್ಕುಬಿಟ್ಟರು. ಉಪ್ಪಿನ ಭಾಗ ಸೇರಿಸಿ ಕಥೆ ಮುಗಿಸುವವರೆಗೂ ಕೂತಿದ್ದರು. “ಇನ್ನೇನ್ರೀ ನೋಡೋದಿದೆ? ಹಬ್ಬ ಕಳೀಲಿ, ಸರ್ಟಿಫಿಕೇಟು ಕಳಿಸ್ತೀನಿ,” ಎಂದು ತಾತನಿಗೆ ಹೇಳಿ, ಮಣೆಗೆ ಕೈಮುಗಿದು ಹೊರಟರು.

ಅವರನ್ನು ಗಾಡಿ ಹತ್ತಿಸಿ ಬಂದ ತಾತ, ಬಾಗಿಲ ಹಿಂದೆ ಇನ್ನೂ ನಿಂತೇ ಇದ್ದ ನನ್ನ ಪಕ್ಕ ಬಂದು ನಿಂತರು. “ಆ ಕಥೆ ನಾನು ಓದೇ ಇಲ್ಲ ಕಣೆ. ಮೊದ್ಲಿಂದ ಹೇಳು,” ಅಂದರು.