ಗೋಡೆ ಸಿಗದ ಈಜು

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಮುದ್ರವಿಲ್ಲ. ಆದರೂ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಮುದ್ರ ಈಜುವವರ ಗುಂಪೊಂದು ಇದೆ. ಆಗಸ್ಟ್ ಹದಿನೈದರ ಬೆಳಿಗ್ಗೆ ಸಮುದ್ರ ಈಜು ಎಂದು ಲಿಫ್ಟಿನೊಳಗೆ ನೋಟಿಸು ಅಂಟಿಸಿದ ದಿನ, ಯಾದಗಿರಿ ಕಡೆಯಿಂದ ಬಂದ ನಮ್ಮ ಸೆಕ್ಯೂರಿಟಿಯವರು ಅದನ್ನು ನಿಧಾನವಾಗಿ ಓದಿ ನನ್ನನ್ನು ಕೇಳಿದರು.

"ಮೇಡಂ, ಸಮುದ್ರ ಯಾವ ಗೇಟಿನ ಕಡೆ ಬರತೈತ್ರಿ? ನನಗ್ಯಾರೂ ಹೇಳೇ ಇಲ್ಲ."

ತಮಾಷೆಗೆ ಕೇಳಿದರೋ ನಿಜವಾಗಿ ಕೇಳಿದರೋ ಗೊತ್ತಾಗಲಿಲ್ಲ. ಇಂಥದ್ದು ನನಗೆ ಸಾಮಾನ್ಯವಾಗಿ ಗೊತ್ತಾಗುವುದೇ ಇಲ್ಲ. "ಹಿಂದಿನ ಗೇಟು" ಎಂದುಬಿಟ್ಟೆ. ಮನೆಗೆ ಬಂದ ಮೇಲೆ, ಪಾಪ ಅವರು ಅಲ್ಲಿಗೆ ಹೋಗಿ ನೋಡಿದ್ದರೆ ಏನು ಗತಿ ಎಂದು ಸಾಯಂಕಾಲದವರೆಗೆ ಚಿಂತೆ ಮಾಡಿದೆ.

ಮಾಮೂಲಿ ದಿನಗಳಲ್ಲಿ ಗುಂಪಿನವರು ಕ್ಲಬ್‌ಹೌಸಿನ ಹಿಂದಿನ ಈಜುಕೊಳದಲ್ಲೇ ಅಭ್ಯಾಸ ಮಾಡುತ್ತಾರೆ. ಎಲ್ಲರಿಗೂ ಒಟ್ಟಿಗೆ ರಜೆ ಸಿಕ್ಕಿದಾಗ ಒಂದು ಟಿಟಿ ವ್ಯಾನು ಮಾಡಿಕೊಂಡು, ಅತ್ತಿಬೆಲೆ ದಾಟಿ, ತಮಿಳುನಾಡಿನ ಉದ್ದಕ್ಕೂ ಓಡಿ, ಮೀನುಗಾರರ ಒಂದು ಸಣ್ಣ ಊರು ಸೇರುತ್ತಾರೆ. ಇದನ್ನೆಲ್ಲ ನಡೆಸುವವರು ನಾಲ್ಕನೇ ಮಹಡಿಯ ಸಾಫ್ಟ್‌ವೇರ್ ಮ್ಯಾನೇಜರು. ಎಲ್ಲರೂ ಅವರನ್ನು ಕ್ಯಾಪ್ಟನ್ ಅನ್ನುತ್ತಾರೆ, ಅವರು ನಮ್ಮಂಥವರನ್ನೆಲ್ಲ ಆಂಟಿ ಅನ್ನುತ್ತಾರೆ. ನಾನು ಕೊಳಕ್ಕೆ ಇಳಿದದ್ದು ಭುಜ ಹಿಡಿದುಕೊಂಡಿತ್ತೆಂದು. ಈಜಿದರೆ ಬಿಡುತ್ತದೆ ಎಂದರು ಡಾಕ್ಟರು. ಭುಜ ಬಿಟ್ಟಿತು, ಈಜು ಹಿಡಿದುಕೊಂಡಿತು. ಆದರೆ ಸಮುದ್ರಕ್ಕೆ ಹೋಗಬೇಕೆಂಬ ಆಸೆ ನನಗೆ ಒಂದಿಷ್ಟೂ ಇರಲಿಲ್ಲ. ನಾನು ಹೊರಟದ್ದು ಅಕ್ಕನಿಗಾಗಿ.

ಅಕ್ಕ ನಮ್ಮ ಕೆಳಗಿನ ಮನೆಯವರು. ಅಪಾರ್ಟ್‌ಮೆಂಟು ನಿಂತಿರುವ ಜಾಗವೆಲ್ಲ ಒಂದು ಕಾಲಕ್ಕೆ ಅವರದೇ ಹೊಲ. ಈಗಿನ ಜನರೇಟರ್ ಕೋಣೆ ಇರುವಲ್ಲಿ ಅವರ ಬಾವಿ ಇತ್ತಂತೆ. ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಅಲ್ಲೇ ಈಜು ಕಲಿತವರು. ದೊಡ್ಡವರಾದ ಕೂಡಲೇ ಅವರಪ್ಪ ಬಾವಿಗೆ ಇಳಿಯಕೂಡದು ಎಂದರಂತೆ. ಮುಂದೆ ಮೊಮ್ಮಕ್ಕಳಾದ ಮೇಲೆಯೇ ಅವರು ಮತ್ತೆ ನೀರಿಗೆ ಇಳಿದದ್ದು, ಅದೂ ನಮ್ಮ ಕೊಳದಲ್ಲಿ. ನಾನು ಪಕ್ಕದಲ್ಲಿ ಕಂಬಿ ಹಿಡಿದುಕೊಂಡು ಕಾಲು ಬಡಿಯುತ್ತಿದ್ದರೆ ಅವರು ಸದ್ದೇ ಇಲ್ಲದೆ ಹಾದುಹೋಗುತ್ತಿದ್ದರು. ಗೋಡೆ ಮುಟ್ಟುವುದು, ತಿರುಗುವುದು. ಗೋಡೆ ಮುಟ್ಟುವುದು, ತಿರುಗುವುದು.

ಒಂದು ದಿನ ಮೆಟ್ಟಿಲ ಮೇಲೆ ಕೂತು ಕೂದಲು ಹಿಂಡಿಕೊಳ್ಳುತ್ತ ಅಂದರು, "ಬಾವೀಲೂ ಇಂಗೇ ಕಣಮ್ಮ. ನಾಕು ಕೈ ಹಾಕದ್ರಾಗೆ ಕಲ್ಲು. ಇಲ್ಲೂ ಅಂಗೇ. ಒಂದ್ಸಲಾನಾದ್ರೂ ಗೋಡೆ ಸಿಗದಂಗೆ ಈಜಬೇಕು ನೋಡು."

ಗೌರಿ ಹಬ್ಬ ಕಳೆದ ಮೇಲೆ ಅವರು ಅತ್ತಿಬೆಲೆ ಹತ್ತಿರ ಕಟ್ಟಿಸಿದ ಹೊಸ ಮನೆಗೆ ಹೋಗುವವರಿದ್ದರು. ಅಲ್ಲಿ ಕೊಳವಿಲ್ಲ. ಅಂದರೆ ಆಗಸ್ಟ್ ಹದಿನೈದು ತಪ್ಪಿದರೆ ಮತ್ತೆ ಯಾವಾಗಲೂ ಇಲ್ಲ. ಇಬ್ಬಿಬ್ಬರು ಜೋಡಿಯಾಗಿಯೇ ಈಜಬೇಕೆನ್ನುವುದು ಗುಂಪಿನ ನಿಯಮ. ಉಳಿದವರಿಗೆಲ್ಲ ಜೋಡಿ ಇತ್ತು, ಅಕ್ಕನಿಗೆ ಇರಲಿಲ್ಲ. "ಆಯ್ತು, ನಾನು ಬರ್ತೀನಿ" ಎಂದೆ. ಅಂದ ಮೇಲೆ ಯಾಕೆ ಅಂದೆ ಎಂದು ಅನ್ನಿಸಿತು.

ಇನ್ನೊಂದು ಕಸಿವಿಸಿಯೂ ಇತ್ತು. ಪ್ರತಿ ವರ್ಷ ನಮ್ಮಲ್ಲಿ ಧ್ವಜದ ಮಡಿಕೆಯೊಳಗೆ ಹೂವಿನ ಪಕಳೆ ಇಟ್ಟು ಕಟ್ಟುವ ಕೆಲಸ ನನ್ನದು. ಸೇವಂತಿಗೆ ಒದ್ದೆಯಿರಬಾರದು, ಗಂಟು ಬಿಗಿಯಾಗಬಾರದು, ಹಗ್ಗ ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳಬೇಕು. ಈ ಸಲ ಅದನ್ನು ಪಕ್ಕದ ಬ್ಲಾಕಿನವರಿಗೆ ಒಪ್ಪಿಸಿ ಬಂದಿದ್ದೆ. ಟಿಟಿಯಲ್ಲಿ ದಾರಿಯುದ್ದಕ್ಕೂ ಆ ಗಂಟಿನದೇ ಯೋಚನೆ. ನಡುವೆ ಕ್ಯಾಪ್ಟನ್ ಎದ್ದು ನಿಂತು ಇನ್ನೊಂದು ನಿಯಮ ಹೇಳಿದರು. "ಜೋಡೀಲಿ ಒಬ್ರು ಬೋಟ್ ಮುಟ್ಟಿದ್ರೆ ಇಬ್ರದ್ದೂ ಮುಗೀತು. ನೋ ಆರ್ಗ್ಯುಮೆಂಟ್ಸ್." ಅಕ್ಕ ನನ್ನ ಕಡೆ ತಿರುಗಿ, "ಅಂಗಂದ್ರೆ ನೀನು ಮುಟ್ಟಬ್ಯಾಡ" ಎಂದು ಕಿಟಕಿಯ ಹೊರಗೆ ನೋಡತೊಡಗಿದರು.

ಅವರು ಸಮುದ್ರವನ್ನು ನೋಡಿದ್ದು ಅದೇ ಮೊದಲು. ಬೆಳಿಗ್ಗೆ ಮರಳಿನ ಮೇಲೆ ಎಲ್ಲರೂ ಕೈಕಾಲು ಸಡಿಲ ಮಾಡಿಕೊಳ್ಳುತ್ತಿದ್ದರೆ, ಅಕ್ಕ ಪೊಟ್ಟಣ ಬಿಚ್ಚಿ ಗಂಗಮ್ಮನಿಗೆ ಅರಿಶಿನ ಕುಂಕುಮ ಹಾಕಿ, ಬೊಗಸೆ ನೀರೆತ್ತಿ ನಾಲಿಗೆಗೆ ಮುಟ್ಟಿಸಿಕೊಂಡರು. "ಥೂ! ಇದ್ಯಾರು ಎರಡೆರಡು ಸಲ ಉಪ್ಪು ಹಾಕೋರು!" ಮೈತುಂಬ ಕಪ್ಪು ಈಜುಡುಗೆ, ತಲೆಗೆ ಕಿವಿ ಮುಚ್ಚುವ ಕೇಸರಿ ರಬ್ಬರ್ ಟೋಪಿ, ಹಣೆಯಲ್ಲಿ ಕುಂಕುಮ. ಕ್ಯಾಪ್ಟನ್ನರದೂ ಸೇರಿ ನಮ್ಮೆಲ್ಲರದೂ ಅದೇ ಟೋಪಿ, ನಾನು ಮಾತ್ರ ಕಿವಿ ಹೊರಗೆ ಬಿಟ್ಟುಕೊಂಡಿದ್ದೆ. ಈಜುವ ಪ್ರತಿಯೊಬ್ಬರ ಸೊಂಟಕ್ಕೂ ದಾರದಿಂದ ಕಟ್ಟಿದ ಗಾಳಿಬುಡ್ಡೆಯೊಂದು ಕರುವಿನ ಹಾಗೆ ಹಿಂದಿನಿಂದ ಬರುತ್ತಿತ್ತು. ಸುಸ್ತಾದರೆ ಅದನ್ನು ತಬ್ಬಿಕೊಳ್ಳಬೇಕು. ದೂರದಲ್ಲಿ, ಲಂಗರು ಹಾಕಿ ತೇಲಬಿಟ್ಟಿದ್ದ ಹಳದಿ ಚೆಂಡು. ಅದನ್ನು ಸುತ್ತಿಕೊಂಡು ದಡಕ್ಕೆ ಬಂದರೆ ಆಯಿತು. ಕ್ಯಾಪ್ಟನ್ ಕತ್ತಿಗೆ ವಿಸಲ್ ಹಾಕಿಕೊಂಡು ಮೀನುಗಾರರೊಬ್ಬರ ದೋಣಿಯಲ್ಲಿ ನಮ್ಮ ಜೊತೆಗೇ ಬರುತ್ತಿದ್ದರು.

ಕಡಲು ಆವತ್ತು ಸಾಧುವಾಗಿತ್ತು. ಅಲೆ ಒಡೆಯುವ ಜಾಗ ದಾಟಿದ ಮೇಲೆ ನೀರು ಮೇಲಕ್ಕೆತ್ತಿ ಕೆಳಗಿಳಿಸುವುದು ಬಿಟ್ಟರೆ ಬೇರೇನೂ ಮಾಡುತ್ತಿರಲಿಲ್ಲ. ಉಳಿದ ಜೋಡಿಗಳು ಮುಂದೆ ಹೋಗಿ, ಚೆಂಡು ಸುತ್ತಿ, ಆಗಲೇ ದಡದ ಕಡೆ ತಿರುಗಿದ್ದವು. ಅಕ್ಕ ನನಗಾಗಿ ನಿಧಾನ ಮಾಡಿಕೊಂಡು ಸ್ವಲ್ಪ ಮುಂದಿದ್ದರು. ಚೆಂಡು ದೊಡ್ಡದಾಗುತ್ತ ಬರುತ್ತಿತ್ತು. ನನ್ನಿಂದ ಆಗುತ್ತದೆ ಎಂದೇ ಅನ್ನಿಸಿತ್ತು.

ಆಗ ದಡದ ಶಾಲೆಯ ಮೈಕಿನಿಂದ ರಾಷ್ಟ್ರಗೀತೆ ಬಂತು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಸೆಂಬ್ಲಿಯಲ್ಲಿ ರಾಷ್ಟ್ರಗೀತೆ ನಡೆಯುವಾಗ ಸಿಸ್ಟರ್ ಸಾಲುಗಳ ನಡುವೆ ನಡೆಯುತ್ತಿದ್ದರು. ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತುವಂತಿಲ್ಲ. ಹಿಮ್ಮಡಿ ಕೂಡಿರಬೇಕು, ಮುಷ್ಟಿ ಸ್ಕರ್ಟಿನ ಹೊಲಿಗೆಗೆ ಅಂಟಿರಬೇಕು. ಹತ್ತು ವರ್ಷ ಹಾಗೆ ನಿಂತ ಮೈ ನನ್ನದು. ಅದು ನನ್ನನ್ನು ಕೇಳಲಿಲ್ಲ. ಮಲಗಿ ಈಜುತ್ತಿದ್ದವಳು ನೆಟ್ಟಗಾದೆ. ಹಿಮ್ಮಡಿ ಕೂಡಿದವು. ಕೈಗಳು ತೊಡೆಗೆ ಅಂಟಿಕೊಂಡವು. ತಕ್ಷಣ ಕಿವಿಯವರೆಗೆ ಮುಳುಗಿದೆ.

ಗದ್ದ ಎತ್ತಿದೆ. ಉಸಿರು ಸಿಕ್ಕಿತು. ಮತ್ತೆ ಒಂದಿಷ್ಟು ಇಳಿದೆ. ಗಾಳಿಬುಡ್ಡೆ ಕೈಗೆಟುಕುವಷ್ಟೇ ದೂರದಲ್ಲಿ ಕುಣಿಯುತ್ತಿತ್ತು, ಆದರೆ ಅದನ್ನು ಹಿಡಿಯಬೇಕೆಂದರೆ ಕೈ ಎತ್ತಬೇಕು. ಕಷ್ಟವಾದದ್ದು ಗಾಳಿಯಿಂದ. ಹಾಡು ಒಮ್ಮೆ ಕಿವಿಯ ಪಕ್ಕದಲ್ಲೇ ಕೇಳಿದರೆ ಇನ್ನೊಮ್ಮೆ ಪೂರ್ತಿ ಇಲ್ಲ. ಯಾವ ಸಾಲಿನಲ್ಲಿದ್ದಾರೆ, ಮುಗಿಯಿತೋ ಇನ್ನೂ ಇದೆಯೋ ತಿಳಿಯದು. ಮುಗಿದಿದ್ದರೆ ಈಜಬಹುದು. ಮುಗಿಯದಿದ್ದರೆ?

ದೋಣಿಯ ಇಂಜಿನ್ನು ಅಬ್ಬರಿಸಿಕೊಂಡು ಬಂತು. ಕೇಳುತ್ತಿದ್ದಷ್ಟು ಹಾಡೂ ಮುಚ್ಚಿಹೋಯಿತು.

"ಆಂಟಿ! ನನ್ನ ನೋಡಿ! ಕೈ ಕೊಡಿ ಆಂಟಿ, ಕೈ!"

ಸ್ವಲ್ಪ ತಾಳಿ ಎನ್ನಲು ಹೋದೆ. ಬಾಯಿಗೆ ನೀರು ಬಂತು. ಕ್ಯಾಪ್ಟನ್ ಕಂಕುಳಿಗೆ ಕೈಹಾಕಿ ಒಂದೇ ಸಲಕ್ಕೆ ಎಳೆದುಕೊಂಡರು. ದೋಣಿಯ ತಳದಲ್ಲಿ ಬಲೆಯ ರಾಶಿಯ ಮೇಲೆ ಬಿದ್ದೆ.

"ಏನಾಯ್ತು? ಕಾಲು ಹಿಡ್ಕೊಂಡ್ತಾ? ಎದೆ ನೋವಾ?"

"ಇಲ್ಲ... ರಾಷ್ಟ್ರಗೀತೆ..."

"ಏನು?"

"ಮುಗಿದಿರಲಿಲ್ಲ."

ಅವರು ನನ್ನನ್ನು ನೋಡಿದರು. ದೋಣಿಯವರು ತಮಿಳಿನಲ್ಲಿ ಏನೋ ಕೇಳಿದರು. ಕ್ಯಾಪ್ಟನ್ ತಮಗೆ ಬಂದಷ್ಟು ತಮಿಳಿನಲ್ಲಿ ವಿವರಿಸಿದರು. ದೋಣಿಯವರು ಗಾಬರಿಯಾಗಿ ಇಂಜಿನ್ನು ಆರಿಸಿ, ತಲೆಯ ಟವೆಲು ತೆಗೆದು ಕಿವಿಗೊಟ್ಟರು. ಅಷ್ಟು ಹೊತ್ತಿಗೆ ಶಾಲೆಯವರು ಸಿನಿಮಾ ಹಾಡು ಹಾಕಿದ್ದರು.

"ಮುಳುಗೋರು ಕೂಗಲ್ಲ ಆಂಟಿ," ಕ್ಯಾಪ್ಟನ್ ನನ್ನ ಗಾಳಿಬುಡ್ಡೆಯನ್ನು ದೋಣಿಯೊಳಕ್ಕೆ ಎಳೆದುಹಾಕಿದರು. "ಕೈನೂ ಬೀಸಲ್ಲ. ತಲೆ ಹಿಂದಕ್ಕೆ ಹಾಕಿ, ಬಾಯಿ ನೀರಿನ ಮಟ್ಟಕ್ಕೆ ಇಟ್ಕೊಂಡು ನೆಟ್ಟಗೆ ನಿಂತುಬಿಡ್ತಾರೆ. ಥೇಟ್ ನಿಮ್ಮ ಥರ."

ಹಾಗಾದರೆ ನಾನು ಮುಳುಗುತ್ತಿದ್ದೆನೇ? ನನಗೇ ಹೇಳಲು ಬರಲಿಲ್ಲ. ಈಗಲೂ ಬರುವುದಿಲ್ಲ.

ಅಕ್ಕ ಇಂಜಿನ್ನಿನ ಸದ್ದು ಮೈಗೆ ತಾಗಿ ತಿರುಗಿ ಬಂದಿದ್ದರು. ಆದರೆ ದೋಣಿಯ ಹತ್ತಿರ ಬರಲಿಲ್ಲ. ಒಂದು ಮಾರು ದೂರದಲ್ಲೇ ತೇಲುತ್ತ, ಟೋಪಿಯ ಅಂಚನ್ನು ಒಂದು ಕಿವಿಯಿಂದ ಎತ್ತಿಕೊಂಡು ಕೂಗಿದರು. "ಏನಾಯ್ತೇ? ಬದುಕಿದ್ದೀಯಾ?"

"ರಾಷ್ಟ್ರಗೀತೆ ಬಂತು ಅಕ್ಕ, ನಿಂತ್ಕೊಂಡೆ."

"ಯಾವಾಗ ಬಂತು? ನಂಗೇನೂ ಕೇಳಿಲ್ವಲ್ಲ! ನೀರ್ನಾಗೆ ಯಾರಾದ್ರೂ ನಿಂತ್ಕಂತಾರಾ?"

"ಹತ್ತಿ ಆಂಟಿ," ಕ್ಯಾಪ್ಟನ್ ಕೈ ಚಾಚಿದರು. "ನಿಮ್ಮ ಜೋಡೀದು ಮುಗೀತು."

"ನಾನು ಮುಟ್ಟಿಲ್ಲ."

"ಅವ್ರು ಮುಟ್ಟಿದ್ರಲ್ಲ."

"ಅವಳು ಮುಟ್ಟಿಲ್ಲಪ್ಪ, ನೀನು ಎಳ್ಕಂಡೆ. ನಾನೇ ನೋಡ್ದೆ."

ಕ್ಯಾಪ್ಟನ್ ಚಾಚಿದ ಕೈಯನ್ನು ಹಿಂತೆಗೆದುಕೊಳ್ಳಲಿಲ್ಲ. ಅಕ್ಕ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಚೆಂಡಿನ ಕಡೆ ಒಮ್ಮೆ ನೋಡಿ, "ಓಗ್ಲಿ ಬುಡು" ಎಂದು ದೋಣಿಯ ಕಡೆ ಒಂದು ಕೈ ಹಾಕಿದರು.

"ಮುಟ್ಟಬೇಡಿ ಅಕ್ಕ!" ಎಂದು ಯಾರೋ ಕಿರುಚಿದರು. ನಾನೇ.

ಕ್ಯಾಪ್ಟನ್ ಕಡೆ ತಿರುಗಿದೆ. "ನೀವು ಇಳೀರಿ. ನೀವೇ ಅವ್ರ ಜೋಡಿ."

"ಬೋಟ್‌ನಲ್ಲಿ ಯಾರಾದ್ರೂ ಇರ್ಬೇಕು ಆಂಟಿ."

"ನಾನಿರ್ತೀನಿ. ಉಳಿದವರೆಲ್ಲ ದಡ ಸೇರಿದಾರೆ ನೋಡಿ. ವಿಸಲ್ ಕೊಡಿ."

ನನ್ನ ಬಾಯಿಂದ ಇಷ್ಟು ಮಾತು ಒಟ್ಟಿಗೆ ಬಂದದ್ದು ಅವರಿಗೂ ಹೊಸದು. ದಡದ ಕಡೆ ನೋಡಿದರು, ದೋಣಿಯವರನ್ನು ನೋಡಿದರು. "ಚೆಂಡು ದಾಟಿ ಮುಂದೆ ಹೋದ್ರೆ ಉದ್ದಕ್ಕೆ ಒಂದು ಸಲ ಊದಿ. ವಾಪಸ್ ಅಂತ ಅರ್ಥ" ಎಂದು ವಿಸಲ್ಲನ್ನು ನನ್ನ ಕತ್ತಿಗೆ ಹಾಕಿ, ನನ್ನ ಗಾಳಿಬುಡ್ಡೆಯನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡು ನೀರಿಗೆ ಧುಮುಕಿದರು. ಅಕ್ಕ ಆಗಲೇ ಹೊರಟಿದ್ದರು.

ಎರಡು ಕೇಸರಿ ಟೋಪಿಗಳು. ಮೇಲಿನಿಂದ ನೋಡಿದರೆ ಯಾವುದು ಯಾರದೆಂದು ಗೊತ್ತಾಗುತ್ತಿರಲಿಲ್ಲ. ಸದ್ದು ಮಾಡದೆ ಹೋಗುವುದು ಅಕ್ಕ ಎಂದುಕೊಂಡೆ, ಆದರೆ ಸಮುದ್ರದಲ್ಲಿ ಯಾರ ಸದ್ದೂ ಕೇಳುವುದಿಲ್ಲ. ಒಂದು ಟೋಪಿ ಚೆಂಡಿನ ಹತ್ತಿರ ಹೋಗಿ ಪಕ್ಕಕ್ಕೆ ತಿರುಗಿತು. ಇನ್ನೊಂದು ತಿರುಗಲಿಲ್ಲ. ಚೆಂಡನ್ನು ಬಿಟ್ಟು ಹಾಗೇ ನೇರವಾಗಿ, ಕಡಲು ಎಲ್ಲಿ ಮುಗಿಯುತ್ತದೋ ಆ ಕಡೆ ಹೋಗುತ್ತಲೇ ಇತ್ತು. ಆಗ ಗೊತ್ತಾಯಿತು ಅಕ್ಕ ಯಾರೆಂದು.

ಕ್ಯಾಪ್ಟನ್ ನೀರಿನಿಂದ ಅರ್ಧ ಮೈ ಎತ್ತಿ ನನ್ನತ್ತ ಕೈ ಬೀಸಿದರು. ಊದಿ, ಊದಿ. ದೋಣಿಯವರೂ ನನ್ನನ್ನೇ ನೋಡುತ್ತಿದ್ದರು. ವಿಸಲ್ಲನ್ನು ಬಾಯಿಗಿಟ್ಟೆ. ಉಪ್ಪುಪ್ಪಾಗಿತ್ತು. ಊದಿದರೆ ಅವರು ತಿರುಗಬೇಕು. ಅವರ ಜನ್ಮದಲ್ಲಿ ಒಂದು ಸಲ ಸಿಕ್ಕ ಗೋಡೆಯಿಲ್ಲದ ನೀರಿಗೆ ನಾನೇ ಗೋಡೆ ಕಟ್ಟಿದಂತೆ. ಊದದೆ ಏನಾದರೂ ಆದರೆ, ಆ ಮನೆಯ ಮೊಮ್ಮಕ್ಕಳ ಮುಖ ಹೇಗೆ ನೋಡಲಿ? ಅವರ ಕಿವಿ ರಬ್ಬರಿನೊಳಗೆ ಮುಚ್ಚಿಹೋಗಿದೆ, ಊದಿದರೂ ಕೇಳುವುದಿಲ್ಲ ಎನ್ನುವುದು ಆಗ ನನಗೆ ಹೊಳೆಯಲೇ ಇಲ್ಲ.

ಊದಿದೆ ಎಂದು ನನ್ನ ನೆನಪು. ಕ್ಯಾಪ್ಟನ್ ಇವತ್ತಿಗೂ ಊದಲಿಲ್ಲ ಅನ್ನುತ್ತಾರೆ. ಗಾಳಿ ಹೋದದ್ದು ನಿಜ. ಸದ್ದು ಬಂದಿತೇ ಎಂದರೆ ಖಚಿತವಾಗಿ ಹೇಳಲಾರೆ.

ಟೋಪಿ ಇನ್ನಷ್ಟು ದೂರ ಹೋಯಿತು, ಅಲೆಯ ಹಿಂದೆ ಇಳಿಯಿತು, ಮತ್ತೆ ಎದ್ದಿತು. ನಿಂತಿತು. ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಹೊರಳಿತು. ಆಮೇಲೆ ತಿರುಗಿ, ನಿಧಾನವಾಗಿ ಚೆಂಡಿನ ಕಡೆ ಬರತೊಡಗಿತು. ಕ್ಯಾಪ್ಟನ್ ಎದುರು ಹೋಗಿ ಜೊತೆಯಾದರು. ದಡದವರೆಗೆ ಈಜುವ ಶಕ್ತಿ ಇಬ್ಬರಿಗೂ ಉಳಿದಿರಲಿಲ್ಲ. ದೋಣಿಗೇ ಬಂದರು.

ಅಕ್ಕ ಟೋಪಿ ಕಿತ್ತು ಏದುಸಿರು ಬಿಡುತ್ತ ನನ್ನ ಪಕ್ಕ ಕೂತರು. ಹಣೆಯ ಕುಂಕುಮ ಪೂರ್ತಿ ಹೋಗಿತ್ತು. ಕ್ಯಾಪ್ಟನ್ ಸಿಟ್ಟಿನಲ್ಲಿ ನನ್ನ ಮುಂದೆ ಕೈ ಚಾಚಿ ವಿಸಲ್ ವಾಪಸ್ ತೆಗೆದುಕೊಂಡರು.

"ಹೇಗಿತ್ತು ಅಕ್ಕ?"

"ಏನೂ ಇಲ್ಲ ಕಣಮ್ಮ ಅಲ್ಲಿ. ಎಲ್ಲಿ ತಿರುಗಬೇಕು ಅಂತ್ಲೇ ತಿಳೀಲಿಲ್ಲ. ಗೋಡೆ ಇಲ್ದಿದ್ರೆ ಎಂಗೆ ತಿಳೀತದೆ? ಒಂದ್ ಗಳಿಗೆ ಎದ್ರಿಕೆ ಆಗ್ಬುಡ್ತು."

"ಮತ್ತೆ ಹೇಗೆ ತಿರುಗಿದ್ರಿ?"

"ಸುಸ್ತಾಯ್ತು. ತಿರುಕ್ಕಂಡೆ."

ಹೇಳಿ ನಕ್ಕರು. ಅವರಿಗೆ ಸಂತೋಷವಾಗಿದೆಯೋ ನಿರಾಸೆಯಾಗಿದೆಯೋ ನನಗೆ ಗೊತ್ತಾಗಲಿಲ್ಲ. ಮೋರೆ ಮಾತ್ರ ಕೆಂಪಗೆ, ಎಳೇ ಹುಡುಗಿಯ ಮೋರೆಯ ಹಾಗೆ ಕಾಣುತ್ತಿತ್ತು. ಇಂಜಿನ್ನು ಶುರುವಾಗುವ ಮುಂಚೆ ಅವರು ದೋಣಿಯವರನ್ನು ತಮಿಳಿನಲ್ಲಿ ಏನೋ ಕೇಳಿದರು. ಅತ್ತಿಬೆಲೆ ಸೀಮೆಯವರು, ಅವರಿಗೆ ತಮಿಳು ಸಲೀಸು. ದೋಣಿಯವರು ತಲೆ ಕೆರೆದುಕೊಂಡು ಉದ್ದಕ್ಕೆ ಉತ್ತರ ಕೊಟ್ಟರು.

"ಏನ್ ಕೇಳಿದ್ರಿ?"

"ಇಂಗೇ ನೆಟ್ಟಗೆ ಓದ್ರೆ ಯಾವೂರು ಸಿಗ್ತದೆ ಅಂತ."

"ಏನಂದ್ರು?"

"ಅವ್ನಿಗೂ ಗೊತ್ತಿಲ್ವಂತೆ. ಅವರಪ್ಪನ್ನ ಕೇಳಿ ಏಳ್ತಾನಂತೆ."