ಗಾಲಿಯ ಮುಂದಿನ ನಿಂಬೆಹಣ್ಣು

ನನಗೊಂದು ವಿದ್ಯೆ ಗೊತ್ತಿದೆ, ನಿಮಗಾದರೆ ಪುಕ್ಕಟೆ ಹೇಳಿಕೊಡುತ್ತೇನೆ. ಹಾವೇರಿಯಲ್ಲಿ ಹಳೆಯ ಗಾಡಿಗಳನ್ನು ಕೊಂಡು ಮಾರುವವನು ನಾನು. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅವನ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಹೇಳಬಲ್ಲೆ.

ಬ್ಯಾಡಗಿ ಕಡೆಯವರಾದರೆ ಸುಲಭ. ಗಂಡ ಮೈಲೇಜು ಕೇಳುವಷ್ಟರಲ್ಲಿ ಹೆಂಡತಿ ಬೈಕಿನ ಹಿಂದಿನ ಸೀಟಿನಲ್ಲಿ ಕುಳಿತು, "ಇದು ಚುಚ್ಚತೈತಿ, ಬ್ಯಾರೆ ತೋರಿಸ್ರಿ" ಎಂದಿರುತ್ತಾಳೆ. ಮೆಣಸಿನಕಾಯಿ ಆರಿಸಿ ಪಳಗಿದ ಕಣ್ಣು. ಬಣ್ಣ ಬಳಿದು ಮುಚ್ಚಿದ ತುಕ್ಕು ಮೊದಲು ಕಾಣುವುದು ಅವಳಿಗೇ. ರಾಣೇಬೆನ್ನೂರು ಕಡೆಯವಳು ಹೊರಗೆ ಬೇವಿನ ನೆರಳಿನಲ್ಲಿ ನಿಲ್ಲುತ್ತಾಳೆ. ಗಂಡ ಒಳಗೆ ತಾಸುಗಟ್ಟಲೆ ಚೌಕಾಶಿ ಮಾಡಿ, ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ, ಬೇರೆಯೇ ಮನುಷ್ಯನಾಗಿ ಬರುತ್ತಾನೆ. ನಮ್ಮ ಹಾವೇರಿಯವನು ಒಬ್ಬನೇ ಬರುತ್ತಾನೆ. "ನಮ್ಮ ಮನ್ಯಾಗ ನಂದ ಮಾತು" ಎನ್ನುತ್ತಾನೆ. ಮರುದಿನ ಬೆಳಿಗ್ಗೆ ಗಾಡಿ ವಾಪಸು ತರುತ್ತಾನೆ.

ಇಷ್ಟೆಲ್ಲ ಬಲ್ಲ ನಾನು ಮೋಟೆಬೆನ್ನೂರಿನ ಗೆಳೆಯನಿಂದ ನಮ್ಮ ಮನೆಗೆಂದೇ ಒಂದು ನೀಲಿ ಜೀಪು ತಂದೆ. ಹೊಸ ಮೊಬೈಲು ಜೇಬಿನಲ್ಲೇ ಇತ್ತು, ಮನೆಯಲ್ಲೊಂದು ಮಾತು ಕೇಳಲಿಲ್ಲ. ಬಾಗಿಲೆದುರು ನಿಲ್ಲಿಸಿ, ನಾಲ್ಕೂ ಗಾಲಿಗಳ ಮುಂದೆ ನಿಂಬೆಹಣ್ಣಿಟ್ಟು, ಆರತಿಗೆ ಕೂಗಿದೆ. ನನ್ನ ಹೆಂಡತಿ ಬ್ಯಾಡಗಿ ತಾಲೂಕಿನ ಕಾಗಿನೆಲೆಯವಳು. ಹೊಸ್ತಿಲಿಗೆ ಬಂದಳು, ತಟ್ಟೆ ತರಲಿಲ್ಲ.

"ಕೇಳಲಾರದ ತಂದೀರಿ. ಆರತೀನೂ ನೀವ ಮಾಡ್ಕೋರಿ."

ಮನೆಯೊಡತಿ ಆರತಿ ಬೆಳಗದ ಗಾಡಿ ನಮ್ಮಲ್ಲಿ ಅಂಗಳಕ್ಕೆ ಬರುವಂತಿಲ್ಲ. ಓಣಿ ನೋಡುತ್ತಿತ್ತು, ಓಣಿಯಲ್ಲಿ ಅರ್ಧ ಮಂದಿ ನನ್ನ ಗಿರಾಕಿಗಳು. ಜೀಪಿಗಿಂತ ನನ್ನ ವಿದ್ಯೆಯ ಮಾನ ದೊಡ್ಡದು. ಇಂಜಿನ್ನು ಹೊಗಳಿದೆ, ಟೈರು ಒದ್ದು ತೋರಿಸಿದೆ. ಅವಳು ಒಳಗೆ ತಿರುಗಿ ಕರೆದಳು:

"ಅತ್ತಿ, ಬರ್ರಿ ಇಲ್ಲೆ. ಹತ್ತಿ ನೋಡ್ರಿ."

ನನ್ನ ಅವ್ವ ರಾಣೇಬೆನ್ನೂರು ತಾಲೂಕಿನ ಐರಣಿಯವಳು. ಇಂಥ ವ್ಯವಹಾರದಲ್ಲಿ ಬಾಯಿ ಬಿಟ್ಟವಳಲ್ಲ. ನನಗೆ ಧೈರ್ಯ ಬಂತು. ಅವ್ವ ಜೀಪಿನ ಕಂಬಿ ಹಿಡಿದು ಒಂದು ಕಾಲು ಎತ್ತಿದಳು, ಇಳಿಸಿದಳು. ಇನ್ನೊಂದು ಎತ್ತಿದಳು, ಅದನ್ನೂ ಇಳಿಸಿದಳು.

"ನನ್ನ ದವಾಖಾನಿಗೆ ಕರ್ಕೊಂಡು ಹೋಗಾಕ ತಂದೀಯೇನಪಾ? ಇದನ್ನ ಹತ್ತಿದ್ರ ಸೀದಾ ಅಲ್ಲಿಗೇ ಹೋಗಬೇಕಾಗತೈತಿ."

ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇಂಜಿನ್ನು, ಟೈರು, ಬ್ರೇಕು ಎಲ್ಲ ಪರೀಕ್ಷಿಸಿದ್ದೆ. ಅವ್ವನ ಮಂಡಿಯೊಂದನ್ನು ಬಿಟ್ಟು. ನಿಂಬೆಹಣ್ಣು ಒಡೆಯದಂತೆ ಎತ್ತಿ ಬದಿಗಿಟ್ಟು, ಜೀಪನ್ನು ಹಿಂದಕ್ಕೆ ತೆಗೆದು ಮೋಟೆಬೆನ್ನೂರಿನ ದಾರಿ ಹಿಡಿದೆ. ಗೆಳೆಯ ಏನೂ ಕೇಳದೆ ಚಹಾ ತರಿಸಿದ. ಅವನದೂ ಇದೇ ಧಂದೆ.

ಅದಕ್ಕೇ ನನ್ನ ಸಲಹೆ: ಯಾವ ಊರಿನವಳು ಎಂದು ಲೆಕ್ಕ ಹಾಕಬೇಡಿ. ಹೆಂಗಸರು ಎಲ್ಲಿ ನಿಂತು ಹೇಳುತ್ತಾರೆ ಎಂಬುದಷ್ಟೇ ಊರಿಂದೂರಿಗೆ ಬೇರೆ.

ಸಂಜೆ ಮನೆಗೆ ಬಂದರೆ ಆ ನಾಲ್ಕೂ ನಿಂಬೆಹಣ್ಣು ಚಿತ್ರಾನ್ನವಾಗಿದ್ದವು. ಹುಳಿ ಎಷ್ಟಿರಬೇಕೆಂದು ನನ್ನನ್ನು ಯಾರೂ ಕೇಳಿರಲಿಲ್ಲ.