ಕಂಡಕ್ಟರ್ ಬದಲಾದ ಪುಸ್ತಕ

ಅಣ್ಣ ತೀರಿಕೊಂಡ ಮೇಲೆ ಪುಸ್ತಕದ ಮಾತನ್ನು ಮೊದಲು ಎತ್ತಿದವರು ಗಿಣಿಗೇರಾದ ಗೆಳೆಯರೊಬ್ಬರು. ಅಲ್ಲಿನ ಕಬ್ಬಿಣದ ಫ್ಯಾಕ್ಟರಿಯೊಂದರಲ್ಲಿ ಅವರಿಗೆ ಕೆಲಸ. ಪಾಳಿ ಮುಗಿಸಿಕೊಂಡು ನೇರ ನಮ್ಮ ಮನೆಗೆ ಬಂದಿದ್ದರು. ಬೂಟನ್ನು ಹೊರಗೆ ಬಿಟ್ಟು, ಕಂಬಕ್ಕೆ ಒರಗಿ ಕುಳಿತರು. ವೈನಿ, ಅಣ್ಣನ ಹೆಂಡತಿ, ಕೊಟ್ಟ ಚಹಾ ಆರಿಹೋಯಿತು. ಕೊನೆಗೆ ನನ್ನ ಕಡೆ ನೋಡದೆ ಕೇಳಿದರು.

"ಅಕ್ಕಾರ, ಪುಸ್ತಕ ಅರ್ಧಕ್ಕ ನಿಂತೈತ್ರಿ. ನೀವು ಹೂಂ ಅಂದ್ರ ಉಳಿದ ಪುಟದ ಚಿತ್ರ ನಾವು ತಗೀತೀವಿ."

ನನಗೆ ಹೂಂ ಎನ್ನಬೇಕು ಎನಿಸಲಿಲ್ಲ, ಬೇಡ ಎನ್ನಬೇಕು ಎಂದೂ ಎನಿಸಲಿಲ್ಲ. ವೈನಿಯನ್ನು ಕೇಳಿರಿ ಎಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೈನಿ, ಅರ್ಧ ಬಿಡುವುದು ಬೇಡ ಎಂದಷ್ಟೇ ಹೇಳಿ ಒಳಗೆ ಹೋದರು.

ಅಣ್ಣ ಬೋರ್ಡು ಬರೆಯುವ ಪೇಂಟರ್. ಕೊಪ್ಪಳ ಹೊಸದಾಗಿ ಜಿಲ್ಲೆಯಾದಾಗ ಅವನಿಗೆ ಉಣ್ಣಲು ಪುರುಸೊತ್ತಿರಲಿಲ್ಲ. ಊರೂರಿನ ಸಾಲೆ, ಪಂಚಾಯಿತಿ, ಸೊಸೈಟಿಗಳ ಬೋರ್ಡಿನ ಮೇಲಿದ್ದ 'ಜಿ. ರಾಯಚೂರು' ಅಳಿಸಿ 'ಜಿ. ಕೊಪ್ಪಳ' ಎಂದು ಬರೆಯಬೇಕಿತ್ತು. ಸೈಕಲ್ಲಿನ ಹಿಂದೆ ಬಣ್ಣದ ಡಬ್ಬಿ ಕಟ್ಟಿಕೊಂಡು ಯಲಬುರ್ಗಾ, ಕುಷ್ಟಗಿ ಎಂದು ತಿರುಗುತ್ತಿದ್ದ. ಆಗ ನಾನು ಹೈಸ್ಕೂಲು. ಸೂಟಿ ಇದ್ದ ದಿನ ಏಣಿ ಹಿಡಿಯಲು ಹೋಗುತ್ತಿದ್ದೆ.

ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಸುವವರು ಕಡಿಮೆಯಾದರು. ಅಂಗಡಿಯಲ್ಲಿ ಕೈಕಟ್ಟಿ ಕೂರಲಾಗದೆ ಅಣ್ಣ ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಚೌಕ ಎಳೆದು ಕಥೆಯ ಚಿತ್ರ ತೆಗೆಯತೊಡಗಿದ. ಅಷ್ಟರಲ್ಲಿ ನಾನು ತಳಕಲ್‌ನಲ್ಲಿ ಮಾಸ್ತರಿಕೆಗೆ ಸೇರಿದ್ದೆ. ಮಾತು ಬರೆಯುವುದು ನನ್ನ ಪಾಲಿಗೆ ಬಂತು. ಜೆರಾಕ್ಸ್ ಮಾಡಿಸಿ, ಮಡಚಿ, ಪಿನ್ನು ಹೊಡೆದು ಪರಿಚಯದವರಿಗೆ ಹಂಚುತ್ತಿದ್ದೆವು. ಹಾಗೆ ಹಂಚಿದ್ದೊಂದು ಗಿಣಿಗೇರಾದ ಗೆಳೆಯರ ಕೈಗೆ ಸಿಕ್ಕಿತು. ಅವರು ದೆವ್ವದ ಕಥೆಗಳನ್ನು ಬರೆಯುತ್ತಿದ್ದರು, ಅವರ ದೆವ್ವಗಳಿಗೂ ಹೆಲ್ಮೆಟ್ ಇರುತ್ತಿತ್ತು. ಇನ್ನೊಂದು ಪ್ರತಿ ಗಂಗಾವತಿಯ ಒಬ್ಬ ನರ್ಸಿಗೆ ಮುಟ್ಟಿತು. ಅವರು ವಾರ್ಡಿನ ಕಥೆಗಳನ್ನು ಬಾಲ್‌ಪೆನ್ನಿನಲ್ಲಿ ಚಿತ್ರ ಮಾಡುತ್ತಿದ್ದರು. ಹೀಗೆ ಹತ್ತಾರು ಜನ ಗೊತ್ತಾದ ಮೇಲೆ ವರ್ಷಕ್ಕೊಮ್ಮೆ ಒಂದು ಕಡೆ ಕೂಡೋಣ ಎಂದಾಯಿತು. ಚಿತ್ರಕಥೆ ಹಬ್ಬ ಎಂದು ಹೆಸರಿಟ್ಟವನು ಅಣ್ಣ.

ಜಾಗ, ಕೊಪ್ಪಳದ ಒಂದು ಹಳೆಯ ಕಲ್ಯಾಣ ಮಂಟಪದ ಊಟದ ಹಾಲ್. ಉದ್ದನೆಯ ಕಟ್ಟೆಗಳ ಮೇಲೆ ಎಲೆ ಹಾಕುವಲ್ಲಿ ನಾವು ಪುಸ್ತಕ ಇಡುತ್ತಿದ್ದೆವು. ಎಷ್ಟು ಒರೆಸಿದರೂ ಸಾರಿನ ವಾಸನೆ ಹೋಗುತ್ತಿರಲಿಲ್ಲ. ಬಾಗಿಲಿಗೆ ಕಟ್ಟುವ ಬಟ್ಟೆಯ ಮೇಲೆ ಅಣ್ಣನೇ ಅಕ್ಷರ ಬರೆಯುತ್ತಿದ್ದ, ಪ್ರತಿ ವರ್ಷ ಹೊಸದಾಗಿ. ಕಾಲೇಜಿನ ಹುಡುಗಿಯರು, ಕೋರ್ಟಿನ ಕೆಲಸಕ್ಕೆ ಬಂದು ಬಸ್ಸಿಗೆ ಕಾಯುವವರು, ಮಕ್ಕಳನ್ನು ಕರೆದುಕೊಂಡ ಗುಮಾಸ್ತರು ಒಳಗೆ ಬಂದು ನೋಡುತ್ತಿದ್ದರು. ಕೆಲವರು ಊಟ ಎಷ್ಟೊತ್ತಿಗೆ ಎಂದು ಕೇಳಿ ಹೋಗುತ್ತಿದ್ದರು.

ಒಂದು ವರ್ಷ ಮಳೆಗಾಲದ ಕೊನೆಗೆ ಅಣ್ಣನಿಗೆ ಜ್ವರ ಬಂತು. ಡೆಂಗಿ ಎಂದರು, ಹುಬ್ಬಳ್ಳಿಗೆ ಒಯ್ದೆವು. ಗದಗ ದಾಟುವಾಗ ಎಚ್ಚರವಿದ್ದ, ನೀರು ಕೇಳಿದ. ವಾಪಸು ಬರುವಾಗ ಆಂಬುಲೆನ್ಸಿನಲ್ಲಿ ಅವನ ಕಾಲ ಬಳಿ ನಾನು ಕುಳಿತಿದ್ದೆ. ಅವನ ಕೈಯುಗುರಿನ ಸಂದಿಯಲ್ಲಿ ನೀಲಿ ಪೇಂಟ್ ಇತ್ತು. ಅದನ್ನು ನೋಡಿದೆ, ಅಷ್ಟೆ. ಮಣ್ಣು ಮಾಡಿದ ದಿನ, ತಿಥಿಯ ಊಟದಲ್ಲಿ, ಬಂದವರ ಅಳುವಿನ ನಡುವೆ ನಾನು ಲೋಟ ತೊಳೆದೆ, ಚಾಪೆ ಹಾಸಿದೆ. ಗಟ್ಟಿಗಿತ್ತಿ ಎಂದರು. ಗಟ್ಟಿತನ ಅದಲ್ಲ ಎಂದು ನನಗೆ ಗೊತ್ತಿತ್ತು. ಹಲ್ಲು ಕೀಳಿಸುವ ಮೊದಲು ಸೂಜಿ ಕೊಟ್ಟಾಗ ಗಲ್ಲ ನಮ್ಮದಲ್ಲ ಎನಿಸುತ್ತದಲ್ಲ, ಹಾಗೆ ಮೈಯೆಲ್ಲ ಆಗಿತ್ತು.

ಅರ್ಧಕ್ಕೆ ನಿಂತ ಪುಸ್ತಕ ನಗೆಯದು. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಮುದುಕಿ ಮೇಕೆ ಹತ್ತಿಸುತ್ತಾಳೆ. ಉದ್ದ ಮೂಗಿನ ಕಂಡಕ್ಟರ್ ಅದನ್ನು ಇಳಿಸಲು ನೋಡುತ್ತಾನೆ, ಮೇಕೆ ಇಳಿಯುವುದಿಲ್ಲ. ಮುಂದೇನು ಎಂಬುದರಲ್ಲಿ ನಮ್ಮಿಬ್ಬರಿಗೂ ಜಗಳವಿತ್ತು. ಕಂಡಕ್ಟರ್ ಕರಗಿ ಮೇಕೆಗೆ ಸೀಟು ಬಿಟ್ಟುಕೊಡಬೇಕೆಂದು ನಾನು. ಮೇಕೆ ಟಿಕೆಟ್ಟುಗಳನ್ನೆಲ್ಲ ತಿಂದುಬಿಡಬೇಕು, ಇಡೀ ಬಸ್ಸೇ ಟಿಕೆಟ್ಟಿಲ್ಲದ್ದಾಗಬೇಕು ಎಂದು ಅಣ್ಣ.

ಗೆಳೆಯರು ಚಿತ್ರ ತೆಗೆಯಬೇಕಾದರೆ ನಾನು ಮಾತು ಮುಗಿಸಬೇಕಿತ್ತು. ಸಾಲೆಯಲ್ಲಿ ಮಕ್ಕಳು ಊಟಕ್ಕೆ ಕುಳಿತಾಗ, ಒಂದೇ ಪಟ್ಟಿಗೆ ಬರೆದು ಮುಗಿಸಿದೆ. ಅಣ್ಣ ಹೇಳಿದ ಹಾಗೆಯೇ ಬರೆದೆ. ಅವನ ಆಸೆ ನಡೆಸಿದೆ ಎಂದು ಗೆಳೆಯರು ಕಣ್ಣು ಒರೆಸಿಕೊಂಡರು. ನಿಜ ಹೇಳಬೇಕೆಂದರೆ ಅವನು ಹೇಳಿದ ಕೊನೆ ಬರೆದರೆ ಕೆಲಸ ಬೇಗ ಮುಗಿಯುತ್ತಿತ್ತು.

ಉಳಿದ ಪುಟಗಳನ್ನು ಅವರು ಹಂಚಿಕೊಂಡರು. ಗಿಣಿಗೇರಾದವರ ಕಂಡಕ್ಟರ್ ದಪ್ಪಗೆ, ಭುಜ ಅಗಲ. ನರ್ಸ್ ತೆಗೆದ ಕಂಡಕ್ಟರಿಗೆ ಮೂಗೇ ಸಣ್ಣದು, ಕಣ್ಣಲ್ಲಿ ನಿದ್ದೆಗೆಟ್ಟ ಹಾಗೆ. ಮೇಕೆ ಒಂದು ಪುಟದಲ್ಲಿ ಕರಿ, ಮುಂದಿನದರಲ್ಲಿ ಕಂದು. ಅಣ್ಣನ ಹಾಗೆ ಬರೆಯಲು ಯಾರೂ ಹೋಗಿರಲಿಲ್ಲ. ಹೋಗಿದ್ದರೂ ಆಗುತ್ತಿರಲಿಲ್ಲ.

ಹಬ್ಬದ ದಿನ ಬಾಗಿಲಿಗೆ ಫ್ಲೆಕ್ಸ್ ಕಟ್ಟಿದ್ದರು. ಬಟ್ಟೆಯ ಮೇಲೆ ಬರೆಯಲು ಯಾರಿಗೂ ಕೈ ಬರಲಿಲ್ಲ ಎಂದು ಗಿಣಿಗೇರಾದವರು ತಲೆ ತಗ್ಗಿಸಿ ಹೇಳಿದರು. ಇರಲಿ ಬಿಡ್ರಿ ಎಂದೆ. ಪ್ರತಿಗಳನ್ನು ಜೋಡಿಸಿ ಕುಳಿತೆ. ಬಂದವರಲ್ಲಿ ಗೊತ್ತಿದ್ದವರು ನನ್ನ ಕೈ ಹಿಡಿದು ಮಾತಾಡಿದರು. ಅವರ ತುಟಿ ಅಲುಗುವುದನ್ನು ನೋಡುತ್ತ ಹೌದ್ರಿ, ಹೌದ್ರಿ ಎಂದೆ.

ಅಪ್ಪನ ಜೊತೆ ಬಂದ ಒಬ್ಬ ಹುಡುಗಿ ಕಟ್ಟೆಗೆ ಮೊಣಕೈ ಊರಿ ಪುಸ್ತಕವನ್ನು ಅಲ್ಲೇ ಓದಿದಳು. ಅರ್ಧದಲ್ಲಿ ತಲೆ ಎತ್ತಿದಳು.

"ಅಕ್ಕಾ, ಕಂಡಕ್ಟರ್ ಯಾಕ ಬ್ಯಾರೆ ಆಗ್ಯಾನ?"

"ಡ್ಯೂಟಿ ಬದಲಾತವ್ವಾ. ಆ ಕಂಡಕ್ಟರ್ ಇಳದ, ಇನ್ನೊಬ್ಬಾಂವ ಹತ್ತಿದ."

ಅವಳಿಗೆ ಅದು ಸರಿ ಎನಿಸಿತು, ಓದು ಮುಂದುವರಿಸಿದಳು. ಮೇಕೆ ಟಿಕೆಟ್ ತಿನ್ನುವಲ್ಲಿ ಜೋರಾಗಿ ನಕ್ಕಳು. ಪಕ್ಕದಲ್ಲಿದ್ದ ನರ್ಸ್ ಗೆಳತಿಯೂ ನಗಲು ಶುರು ಮಾಡಿ, ನಗು ಅಳುವಾಗಿ, ಎದ್ದು ಕೈತೊಳೆಯುವ ನಲ್ಲಿಗಳ ಕಡೆ ಹೋದರು. ಡ್ಯೂಟಿಯ ಆ ಮಾತನ್ನು ನಾನು ಯೋಚಿಸಿ ಹೇಳಿರಲಿಲ್ಲ. ಬಾಯಿಗೆ ಬಂದದ್ದು.

ಮಧ್ಯಾಹ್ನ ವೈನಿ ಬಂದರು. ಅಣ್ಣ ಇದ್ದಾಗ ಒಮ್ಮೆಯೂ ಬಂದವರಲ್ಲ. ಆ ಕಾಗದಗಳಿಂದ ಮನೆಯಲ್ಲಿ ಕಸವಾಗುತ್ತದೆ ಎಂದು ಗೊಣಗುತ್ತಿದ್ದವರು. ನನ್ನ ಪಕ್ಕದ ಬೆಂಚಿನ ಮೇಲೆ ಕುಳಿತು, ಸೆರಗಿನಿಂದ ಕೈ ಒರೆಸಿಕೊಂಡು ಒಂದು ಪುಸ್ತಕ ತೆಗೆದುಕೊಂಡರು.

"ನಿಮ್ಮಣ್ಣಾರು ಎಲ್ಲಿತನಾ ತಗದಾರ, ತೋರಸು."

ಪುಟ ತೆರೆದು ಬೆರಳಿಟ್ಟೆ. ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಮೇಕೆಯ ಕೊಂಬು ಹಿಡಿದು ಎಳೆಯುತ್ತಿರುವ ಚೌಕ. ವೈನಿ ಮೊದಲಿನಿಂದ ಓದತೊಡಗಿದರು. ಓದು ಅವರಿಗೆ ನಿಧಾನ, ತುಟಿ ಅಲುಗಿಸುತ್ತ ಓದುತ್ತಾರೆ. ಆ ಚೌಕಕ್ಕೆ ಬಂದಾಗ ನಿಲ್ಲಿಸಿ ಪುಸ್ತಕ ಮುಚ್ಚಿದರು.

"ಉಳದಿದ್ದು ಆಮ್ಯಾಗ ಓದ್ತೀನಿ," ಎಂದರು. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು, "ನೀ ಯಾಕ ಅಳವಲ್ಲಿ?"

"ಗೊತ್ತಿಲ್ರಿ ವೈನಿ. ಅಳು ಬರವಲ್ದು."

ಅವರು ಸಂಜೆಯತನಕ ನನ್ನ ಪಕ್ಕದಲ್ಲೇ ಕುಳಿತು, ಬಂದವರ ಕೈಗೆ ಪುಸ್ತಕ ಕೊಟ್ಟರು.

ಅದಾದ ಮೇಲೆ ಹಬ್ಬ ಗಂಗಾವತಿಗೆ ಹೋಯಿತು, ಮಂಟಪದವರು ಹಾಲ್ ಕೊಡುವುದನ್ನು ನಿಲ್ಲಿಸಿದ್ದರಿಂದ. ನರ್ಸ್ ಗೆಳತಿ ತಮಗೊಂದು ಕಥೆ ಬರೆದುಕೊಡಿ ಎಂದರು. ಬೇಡ ಎನ್ನಲು ಕಾರಣ ಸಿಗದೆ ಬರೆದೆ. ವಾರ್ಡಿನಲ್ಲಿ ಮಲಗಿದ ಒಬ್ಬ ತಾಯಿಯ ಕಥೆ. ಅವಳು ನರ್ಸಿಗೆ ಪಿಸುಗುಟ್ಟುತ್ತಾಳೆ, ನನಗೆ ನಿದ್ದೆ ಬಂದಿಲ್ಲವ್ವಾ, ಬಂದ ಹಾಗೆ ಮಾಡಿದರೆ ಮಗಳು ಮನೆಗೆ ಹೋಗಿ ನಾಲ್ಕು ತುತ್ತು ಉಣ್ಣುತ್ತಾಳೆ, ಎಂದು. ಅಚ್ಚಾದ ಪ್ರತಿಯನ್ನು ಹಬ್ಬದ ಬೆಳಿಗ್ಗೆ ನೋಡಿದಾಗ ತಾಯಿಯ ಮಾತಿನ ಗುಳ್ಳೆಯಲ್ಲಿ 'ನಿದ್ದಿ ಬಂದಿಲ್ಲವ್ವಾ' ಎಂದಷ್ಟೇ ಇತ್ತು.

ಉಳಿದ ಮಾತು ಎಲ್ಲಿ ಎಂದು ಕೇಳಿದೆ. ಉದ್ದ ಆಯಿತು, ಗುಳ್ಳೆಯಲ್ಲಿ ಹಿಡಿಯಲಿಲ್ಲ ಎಂದರು ಗೆಳತಿ.

"ಹಿಡೀಲಿಲ್ಲಂದ್ರ ಗುಳ್ಳೆ ದೊಡ್ಡದು ಮಾಡ್ಬೇಕಿತ್ತು. ಆಕಿ ಮಾತು ಯಾಕ ಕತ್ತರಿಸಿದ್ರಿ? ಅದ ಇಲ್ಲಂದ್ರ ಕಥಿ ಏನೈತಿ ಇದರಾಗ?"

ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಕಿವಿ ಬಿಸಿಯಾಗಿತ್ತು. ಗೆಳತಿ ಪೆನ್ನು ತೆಗೆದು, ಒಂದೊಂದೇ ಪ್ರತಿಯಲ್ಲಿ ಚೌಕದ ಕೆಳಗಿನ ಬಿಳಿ ಜಾಗದಲ್ಲಿ ಆ ಮಾತು ಬರೆಯಲು ಕುಳಿತರು. ನಾನೂ ಅವರ ಎದುರು ಕುಳಿತು ಒಂದು ಕಟ್ಟು ಎಳೆದುಕೊಂಡೆ. ಅವರ ಮೇಲೆ ಸಿಟ್ಟು ಇನ್ನೂ ಇತ್ತು. ಸಂಜೆಯ ಬಸ್ಸಿನಲ್ಲೂ ಇತ್ತು. ಅಣ್ಣ ಹೋದ ಮೇಲೆ ಮೊದಲ ಸಲ ಬಂದದ್ದು, ಇಳಿಯಲಿ ಎಂದು ನನಗೆ ಅನಿಸಲಿಲ್ಲ.